ಮೀನಿನ ಡಾಕ್ಟರ ಕೈಗುಣ

ಅತ್ತಿಗೆ ಬಾಗಿಲ ಸಂದಿಯಿಂದ ಮುಖ ತೂರಿಸಿ "ಯಜಮಾನ್ರು ಹೋಗ್ಬಿಟ್ರು" ಎಂದಾಗ ದಂತವೈದ್ಯನ ಡ್ರಿಲ್ಲು ಒಬ್ಬ ಗುಮಾಸ್ತರ ದವಡೆಹಲ್ಲಿನಲ್ಲಿ ಅರ್ಧ ಇಳಿದಿತ್ತು. ಗುಮಾಸ್ತರು ತೆರೆದ ಬಾಯಲ್ಲೇ ಗಾಬರಿಯಾಗಿ ಕಣ್ಣು ಹೊರಳಿಸಿದರು. ಈ ಮನೆಯ ಯಜಮಾನನೆಂಬವನು ತಮ್ಮ ಬಾಯೊಳಗೆ ಕೈಯಿಟ್ಟುಕೊಂಡು ಎದುರಿಗೇ ನಿಂತಿರುವಾಗ ಹೋಗಿಬಿಟ್ಟವರು ಯಾರು ಎಂದು ವಿಚಾರಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ದಂತವೈದ್ಯನಿಗೆ ಮಾತ್ರ ಕೂಡಲೇ ತಿಳಿಯಿತು. ಹೊರಗೆ ಕಾಯುವ ಕೋಣೆಯಲ್ಲಿ, ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಒಂಟಿಯಾಗಿ ಓಡಾಡಿಕೊಂಡಿದ್ದ ಹಳದಿ ಮೀನನ್ನು ಅತ್ತಿಗೆ ಯಜಮಾನ್ರು ಎಂದೇ ಕರೆಯುತ್ತಿದ್ದಳು. ಅವಳು ಅವನ ಹೆಂಡತಿಯ ಅಕ್ಕ. ತನ್ನ ಅಸಲು ಯಜಮಾನರನ್ನು ಬಿಟ್ಟು ಒಂದು ಸೂಟ್‌ಕೇಸಿನ ಸಮೇತ ತಂಗಿಯ ಮನೆ ಸೇರಿದ ಮೇಲೆ, ಸುಮ್ಮನೆ ಕೂತು ತಿನ್ನಬಾರದೆಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತಿದ್ದಳು. ಅಲ್ಲಿ ಕೂತ ಮೇಲೆ, ಬಳಕೆಯಿಲ್ಲದೆ ಉಳಿದಿದ್ದ ಆ ಪದವನ್ನು ಮೀನಿಗೆ ಕೊಟ್ಟಿದ್ದಳು. "ಯಜಮಾನ್ರಿಗೆ ಇವತ್ತು ಸಿಟ್ಟು, ಮೂಲೆ ಸೇರಿದಾರೆ" ಎಂದು ಹಲ್ಲುನೋವಿನವರಿಗೆ ಹೇಳಿ ನಗಿಸುತ್ತಿದ್ದಳು. ಹಲ್ಲುನೋವಿನವರು ದವಡೆ ಹಿಡಿದುಕೊಂಡು ನಗುತ್ತಿದ್ದರು. ದಂತವೈದ್ಯನಿಗೆ ಅದು ಒಂದಿಷ್ಟೂ ಹಿಡಿಸುತ್ತಿರಲಿಲ್ಲ, ಆದರೆ ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದ. "ಎಷ್ಟೊತ್ತಿಗೆ?" ಎಂದು ಈಗ ಕೇಳಿದ, ಕೇಳಿದ ಮೇಲೆ, ಇದು ಮನುಷ್ಯರು ಸತ್ತಾಗ ಕೇಳುವ ಪ್ರಶ್ನೆಯಾಯಿತಲ್ಲ ಎಂದು ನಾಚಿಕೆಪಟ್ಟ. "ನಾನು ನೋಡೋ ಹೊತ್ತಿಗೆ ಮಗ್ಗುಲಾಗಿದ್ರು" ಎಂದಳು ಅತ್ತಿಗೆ. ಅವಳ ಕಣ್ಣು ತೇವವಾಗಿತ್ತು. ಒಂದು ಮೀನಿಗೆ ಇಷ್ಟು ಸಲೀಸಾಗಿ ಕಣ್ಣೀರು ಬರುವುದೆಂದರೆ ಅದರ ಹಿಂದೆ ಏನೋ ಇದೆ ಎಂದು ಅವನಿಗೆ ಆಗಲೇ ಅನಿಸಿತು.

ಆ ಬೀದಿಯಲ್ಲಿ ಅವನಲ್ಲದೆ ಬೇರೆ ದಂತವೈದ್ಯರೂ ಇದ್ದರು, ಅವರೆಲ್ಲ ತನಗಿಂತ ಒಳ್ಳೆಯವರು ಎಂಬ ಗುಮಾನಿ ಅವನಿಗೆ ಯಾವತ್ತೂ ಇತ್ತು. ಮೀನು ಬರುವ ಮುಂಚೆ ಅವನ ಕಾಯುವ ಕೋಣೆಯಲ್ಲಿ ಜನ ಗೋಡೆ ನೋಡುತ್ತ ಕೂತು, ಒಳಗಿನ ಡ್ರಿಲ್ಲಿನ ಸದ್ದು ಕೇಳಿ, ಫೋನು ಬಂದವರ ಹಾಗೆ ಎದ್ದು ಹೋಗಿಬಿಡುತ್ತಿದ್ದರು. ಮೀನು ಬಂದ ಮೇಲೆ ಹೋಗುವುದು ನಿಂತಿತು. ಅಂಗೈಯಗಲದ ಆ ಹಳದಿ ಪ್ರಾಣಿ ಬಂಡೆಯ ಸಂದಿಯಿಂದ ಹೊರಬಂದು, ಗಾಜಿನ ತನಕ ಬಂದು, ಯಾರಿಗೂ ಯಾವ ನೋವೂ ಇಲ್ಲವೆಂಬಂತೆ ತಿರುಗಿ ಹೋಗುವುದನ್ನು ನೋಡುತ್ತ ಜನ ತಮ್ಮ ಸರದಿ ಬಂದರೂ ಏಳುತ್ತಿರಲಿಲ್ಲ. ಒಮ್ಮೆ ಔಷಧದಂಗಡಿಯ ಮುಂದೆ ನಿಂತಿದ್ದಾಗ ಯಾರೋ ಇನ್ಯಾರಿಗೋ "ಆ ಮೀನಿನ ಡಾಕ್ಟ್ರ ಹತ್ರ ಹೋಗಿ, ಕೈಗುಣ ಚೆನ್ನಾಗಿದೆ" ಎಂದದ್ದು ಕಿವಿಗೆ ಬಿತ್ತು. ಮೀನಿನ ಡಾಕ್ಟರು ಎಂದದ್ದಕ್ಕೆ ಮೊದಲು ಅವಮಾನವಾಗಿ, ಮನೆಗೆ ಬರುವ ಹೊತ್ತಿಗೆ ಸಂತೋಷವಾಗಿ, ಕನ್ನಡಿಯ ಮುಂದೆ ನಿಂತು ಅಂಗೈ ಹಿಂದುಮುಂದು ಮಾಡಿ ನೋಡಿಕೊಂಡಿದ್ದ. ಅಂದಿನಿಂದ "ಇದು ಸಮುದ್ರದ್ದು" ಎಂದು ಪ್ರತಿಯೊಬ್ಬರಿಗೂ ಹೇಳುವುದನ್ನು ರೂಢಿ ಮಾಡಿಕೊಂಡ. "ಸಿಹಿನೀರಿನದನ್ನ ಯಾರು ಬೇಕಾದ್ರೂ ಸಾಕ್ತಾರೆ. ಇದಕ್ಕೆ ಶಿಸ್ತು ಬೇಕು." ಜೀವಮಾನವೆಲ್ಲ ಸಿಹಿಯ ವಿರುದ್ಧ ಮಾತಾಡಿದವನಿಗೆ ಸಿಹಿನೀರು ಎಂಬ ಪದದ ಮೇಲೂ ಒಂದು ತಾತ್ಸಾರವಿತ್ತು.

ಗುಮಾಸ್ತರ ಹಲ್ಲನ್ನು ಹೇಗೋ ಮುಚ್ಚಿ ಕಳಿಸಿ, ಗ್ಲೌಸು ಕಳಚಿ, ಅವನು ಕೈ ತೊಳೆಯಲು ನಿಂತ. ಸತ್ತಿದ್ದರೂ ಅದು ಅವನ ಮೀನು. ಗಲೀಜು ಕೈಯಲ್ಲಿ ಎತ್ತುವ ಮಾತೇ ಇರಲಿಲ್ಲ. ಇತ್ತೀಚೆಗೆ ಔಷಧದ ಕಂಪನಿಯವನೊಬ್ಬ ತಂದುಕೊಟ್ಟಿದ್ದ ಗುಲಾಬಿ ಬಣ್ಣದ ದ್ರಾವಣ ಅವನಿಗೆ ಬಹಳ ಮೆಚ್ಚಿಗೆಯಾಗಿತ್ತು. ಸಾಮಾನ್ಯ ಸೋಪು ನೀರಿನ ಜೊತೆ ಹರಿದುಹೋಗುತ್ತದೆ, ಇದು ಹಾಗಲ್ಲ. ತೊಳೆದು ಒರೆಸಿದ ಮೇಲೂ ಗಂಟೆಗಟ್ಟಲೆ ಚರ್ಮದ ಮೇಲೆ ಕೂತು ಕಣ್ಣಿಗೆ ಕಾಣದ್ದನ್ನು ಕೊಲ್ಲುತ್ತಿರುತ್ತದೆ ಎಂದು ಆ ಕಂಪನಿಯವನು ಹೇಳಿದ್ದ ಮಾತನ್ನು ಇವನು ರೋಗಿಗಳಿಗೂ ಹೇಳುತ್ತಿದ್ದ. ಬೆರಳ ಸಂದಿ, ಉಗುರಿನ ಅಡಿ, ಮೊಣಕೈವರೆಗೆ ತಿಕ್ಕಿ, ಹೊರಗೆ ಬಂದು, ತೋಳು ತೊಟ್ಟಿಯೊಳಗೆ ಇಳಿಸಿದ. ಮೀನು ಬಂಡೆಗೆ ಒರಗಿ ಬಿದ್ದಿತ್ತು. ಎತ್ತಿದರೆ ಭಾರವೇ ಇಲ್ಲ. ಕೂತಿದ್ದವರೆಲ್ಲ ಎದ್ದು ನಿಂತರು. ಎದ್ದು ನಿಂತ ಮೇಲೆ ಮುಂದೇನು ಮಾಡಬೇಕೆಂದು ತಿಳಿಯದೆ ಒಬ್ಬೊಬ್ಬರೂ ಒಂದೊಂದು ಕಾರಣ ಕೊಡತೊಡಗಿದರು. ಕರೆಂಟು ಹೆಚ್ಚುಕಮ್ಮಿ ಆಗಿರಬೇಕು ಎಂದರು ಒಬ್ಬರು. ವಯಸ್ಸಾಗಿತ್ತೇನೋ ಎಂದರು ಇನ್ನೊಬ್ಬರು. ಕೆನ್ನೆ ಊದಿಸಿಕೊಂಡು ಬಂದಿದ್ದ ಹೆಂಗಸೊಬ್ಬಳು ಕರವಸ್ತ್ರದ ಒಳಗಿನಿಂದಲೇ "ಒಂಟಿಯಾಗಿತ್ತಲ್ಲ, ಮನಸ್ಸಿಗೆ ಹಚ್ಕೊಂಡಿರುತ್ತೆ" ಎಂದಳು. ಎಲ್ಲರೂ ಅತ್ತಿಗೆಯ ಮುಖ ನೋಡಿದರು. ತನ್ನ ತೊಟ್ಟಿ, ತನ್ನ ಮೀನು, ನಷ್ಟ ತನ್ನದು, ಆದರೂ ಸಾಂತ್ವನ ಕೌಂಟರಿಗೆ ಹೋಗುತ್ತಿದೆಯಲ್ಲ ಎಂದು ದಂತವೈದ್ಯನಿಗೆ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದವನೊಬ್ಬ, ಅಂದು ಬುದ್ಧಿಹಲ್ಲು ಕೀಳಿಸಿಕೊಳ್ಳಬೇಕಾಗಿದ್ದವನು, ಮೀನನ್ನೂ ಅವನ ಕೈಯನ್ನೂ ಒಮ್ಮೆ ನೋಡಿ, "ನಾಳೆ ಬರ್ತೀನಿ ಡಾಕ್ಟ್ರೇ" ಎಂದು ಹೊರಟುಹೋದ. ಅವನು ನಾಳೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಒಳಗೆ ಹೋಗಿ ಮೀನನ್ನು ಸ್ಟೀಲಿನ ತಟ್ಟೆಯ ಮೇಲೆ ಮಲಗಿಸಿ, ಮೇಲಿನ ದೀಪವನ್ನು ಬಗ್ಗಿಸಿದ. ಕಾರಣ ಕಂಡುಹಿಡಿಯಲೇಬೇಕು, ಊರೆಲ್ಲ ಸೇರಿ ಒಂದು ಕಾರಣ ಕಂಡುಹಿಡಿಯುವ ಮುಂಚೆ ಕಂಡುಹಿಡಿಯಬೇಕು. ಬಾಯಿಯ ಕನ್ನಡಿ ಹಿಡಿದು, ಹಲ್ಲು ಕೆದಕುವ ಮೊನೆಕಡ್ಡಿಯಿಂದ ತುಟಿ ಬಿಡಿಸಿ ನೋಡಿದ. ಪುಟ್ಟ ಪುಟ್ಟ ಹಲ್ಲುಗಳು ಒತ್ತೊತ್ತಾಗಿ, ಅಚ್ಚುಕಟ್ಟಾಗಿದ್ದವು. ಒಂದೂ ಹುಳುಕಿರಲಿಲ್ಲ. ಇಷ್ಟು ಕಾಲ ತನ್ನ ಮನೆಯಲ್ಲಿದ್ದ ಪ್ರಾಣಿಗೆ ಇಂಥ ಹಲ್ಲಿದ್ದವೆಂದು ಅವನಿಗೆ ಗೊತ್ತೇ ಇರಲಿಲ್ಲ. ಕೊಂಚ ಹೆಮ್ಮೆಯೂ ಆಯಿತು. ಕಿವಿರಿನ ಮುಚ್ಚಳ ಎತ್ತಿದರೆ ಒಳಗೆ ಕೆಂಪಗೆ ಉರಿದಂತಿತ್ತು, ಮೇಲೆ ದಪ್ಪ ಲೋಳೆ ಕಟ್ಟಿತ್ತು. ಲೋಳೆ ಯಾಕೆ ಎಂದು ಅವನಿಗೆ ಹೊಳೆಯಲಿಲ್ಲ. ಗೊತ್ತಿರುವುದು ಬಾಯಿ ಮಾತ್ರ, ಬಾಯಿ ಚೆನ್ನಾಗಿದೆ ಎಂದು ತಟ್ಟೆಯನ್ನು ಬದಿಗಿಟ್ಟ. ತೊಟ್ಟಿಯ ನೀರನ್ನು ಪುಟ್ಟ ನಳಿಕೆಗಳಲ್ಲಿ ಹಿಡಿದು ಬಣ್ಣದ ಹನಿ ಹಾಕಿ ನೋಡಿದ. ಉಪ್ಪು ಸರಿ, ಬಿಸಿ ಸರಿ, ವಿಷದ ಸುಳಿವಿಲ್ಲ. ರಿಪೋರ್ಟು ಪೂರಾ ನಾರ್ಮಲ್, ರೋಗಿ ಮಾತ್ರ ಇಲ್ಲ. ಹೀಗಾದಾಗ ದೊಡ್ಡ ಆಸ್ಪತ್ರೆಗಳಲ್ಲಿ ಮನೆಯವರಿಗೆ ಏನು ಹೇಳುತ್ತಾರೋ ಅದನ್ನೇ ತನಗೆ ತಾನೇ ಹೇಳಿಕೊಂಡು ಸಮಾಧಾನಪಡುವವನಿದ್ದ. ಆಗ ತೊಟ್ಟಿಯ ಮುಚ್ಚಳದ ಅಂಚಿನಲ್ಲಿ ಬಿಸ್ಕತ್ತಿನ ಪುಡಿ ಕಂಡಿತು. ಬಗ್ಗಿ ಮೂಸಿದ. ಸಕ್ಕರೆಯ ಕೆನೆ ಸವರಿದ, ಅತ್ತಿಗೆ ಕೌಂಟರಿನ ಅಡಿಯಲ್ಲಿ ಡಬ್ಬಿಯಲ್ಲಿಟ್ಟುಕೊಂಡು ಚಹಾದ ಜೊತೆ ತಿನ್ನುವ ಬಿಸ್ಕತ್ತು. ಎದೆಯ ಮೇಲಿಂದ ಏನೋ ಇಳಿದಂತಾಯಿತು. ಇಪ್ಪತ್ತು ವರ್ಷದ ವೃತ್ತಿಯಲ್ಲಿ ಯಾರ ಬಾಯಿ ಕೆಟ್ಟರೂ ಅದಕ್ಕೆ ಸಕ್ಕರೆಯೇ ಕಾರಣವಾಗಿತ್ತು, ಇಲ್ಲೂ ಅದೇ ಆಯಿತು. ಆಗ ಇನ್ನೊಂದು ಗಮನಕ್ಕೆ ಬಂತು. ತೊಟ್ಟಿಯ ಪಕ್ಕದಲ್ಲಿ ನೀರಿನ ಕೊಳೆಯನ್ನು ನೊರೆ ಮಾಡಿ ಒಂದು ಬಟ್ಟಲಿಗೆ ಎತ್ತುವ ಯಂತ್ರವೊಂದಿತ್ತು, ಅದರ ಬಟ್ಟಲು ಉಕ್ಕಿ ನೊರೆ ನೆಲಕ್ಕಿಳಿದಿತ್ತು. ಅತ್ತಿಗೆ ಅದರ ಕೆಳಗೆ ಒಂದು ಬಟ್ಟೆ ಹಾಸಿದ್ದಳು. ಅಪರಾಧಿ ತಾನೇ ಕುರುಹು ಒರೆಸಲು ನೋಡಿದ್ದಾಳೆ ಎಂದುಕೊಂಡು ಅವನು ಬಟ್ಟಲನ್ನು ತೊಳೆದಿಟ್ಟ.

ಆದರೂ ಸಾಕ್ಷಿಗಿರಲಿ ಎಂದು ಅಕ್ವೇರಿಯಂ ಅಂಗಡಿಯವನಿಗೆ ಫೋನು ಮಾಡಿದ. ತೊಟ್ಟಿ ತಂದು ಕೂರಿಸಿದವನು ಅವನೇ. ವಾರಕ್ಕೊಮ್ಮೆ ಬಂದು, ಅಂಗಿಯ ತೋಳು ಮಡಚಿ, ಭುಜದವರೆಗೂ ಕೈ ಇಳಿಬಿಟ್ಟು ಬಂಡೆ ಸರಿಸಿ, ಪಾಚಿ ಉಜ್ಜಿ ಹೋಗುತ್ತಿದ್ದ. ಅವನ ಉಗುರುಗಳು ಕಪ್ಪಗಿದ್ದವು. ಸೈಕಲ್ ರಿಪೇರಿ ಮಾಡುತ್ತಿದ್ದ ದಂತವೈದ್ಯನ ಅಪ್ಪನ ಉಗುರಿನ ಕಪ್ಪು ಬೇರೆ, ಅದು ಚೈನಿನ ಎಣ್ಣೆ, ಎಷ್ಟು ತಿಕ್ಕಿದರೂ ಗೆರೆಗಳಲ್ಲಿ ಉಳಿದುಕೊಳ್ಳುತ್ತಿತ್ತು. ಮಗ ಓದುವ ಕಾಲೇಜು ನೋಡಬೇಕೆಂದು ಬಂದವರು, ಎದುರಾದ ಪ್ರೊಫೆಸರಿಗೆ ಕೈ ಕೊಟ್ಟೇಬಿಟ್ಟರು. ಪ್ರೊಫೆಸರು ನಗುನಗುತ್ತ ಕುಲುಕಿ, ಅಪ್ಪ ಅತ್ತ ತಿರುಗಿದ ಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಬೆರಳು ಬೆರಳಾಗಿ ಒರೆಸಿಕೊಂಡರು. ಅಪ್ಪ ಅದನ್ನು ನೋಡಲಿಲ್ಲ. ಮಗ ನೋಡಿದ. ಅಂಗಡಿಯವನು ಒಂದು ದಿನ ಏನನ್ನೋ ತಿನ್ನುತ್ತ ಬಂದು, ಪ್ಯಾಂಟಿಗೆ ಕೈ ಒರೆಸಿ ತೊಟ್ಟಿಗೆ ಹಾಕಿದಾಗ ದಂತವೈದ್ಯ ಅಲ್ಲೇ ತಡೆದು, "ಇನ್ಮೇಲೆ ನೀನು ಬರೋದು ಬೇಡ, ನಾನೇ ನೋಡ್ಕೋತೀನಿ" ಎಂದಿದ್ದ. ಫೋನಿನಲ್ಲಿ ಈಗ ಅವನ ದನಿ ಉಲ್ಲಾಸದಿಂದಲೇ ಇತ್ತು. "ಏನಾದ್ರೂ ಹೊಸದಾಗಿ ಹಾಕಿದ್ರಾ ಸಾರ್?" "ಏನೂ ಇಲ್ಲ. ನೀನು ಇಡ್ತಿದ್ದಕ್ಕಿಂತ ಹತ್ತು ಪಾಲು ಕ್ಲೀನಾಗಿಟ್ಟಿದ್ದೆ." "ಹಾಗಾದ್ರೆ ಟೆನ್ಶನ್ ಸಾರ್. ಈ ಜಾತಿಗೆ ಟೆನ್ಶನ್ ಜಾಸ್ತಿ." "ಬಿಸ್ಕತ್ ಹಾಕಿದ್ರೆ ಸಾಯುತ್ತಾ?" ಆಚೆ ಕಡೆ ಅವನು ಸ್ವಲ್ಪ ಹೊತ್ತು ಯೋಚಿಸಿದ. ಗಿರಾಕಿಗೆ ಯಾವ ಉತ್ತರ ಬೇಕಾಗಿದೆಯೆಂದು ತಿಳಿಯಲು ಅಷ್ಟು ಹೊತ್ತು ಸಾಕಾಯಿತು. "ಸಾಯ್ದೆ ಇನ್ನೇನು ಸಾರ್, ಬಿಸ್ಕತ್ ಅಂದ್ರೆ ವಿಷ ಅಲ್ವಾ. ನೀಲಿ ಬಣ್ಣದ್ದು ಒಂದು ಬಂದಿದೆ, ತೆಗೆದಿಡ್ಲಾ?" ಪರಿಣತರ ಅಭಿಪ್ರಾಯವೂ ಸಿಕ್ಕಂತಾಯಿತು.

ಮಧ್ಯಾಹ್ನ ಕಾಯುವ ಕೋಣೆ ಖಾಲಿಯಾದ ಮೇಲೆ ಅವನು ಕೌಂಟರಿನ ಬಳಿ ಹೋಗಿ ನಿಂತ. ಹಲ್ಲು ಕೀಳಬೇಕಾಗಿದೆ ಎಂದು ಹೇಳುವಾಗ ಬಳಸುವ ಮೆದುವಾದ ದನಿಯನ್ನು ತೆಗೆದುಕೊಂಡ. "ಅತ್ತಿಗೆ, ಅದಕ್ಕೆ ನೀವು ಬಿಸ್ಕತ್ ಹಾಕ್ತಿದ್ರಾ?" ಅವಳು ತಲೆ ಎತ್ತಿದಳು. "ಒಂದು ಚೂರು, ಯಾವಾಗ್ಲಾದ್ರೂ. ಗಾಜಿನ ಹತ್ರ ಬಂದು ಬಾಯಿ ತೆರೀತಿದ್ರು." "ಬಾಯಿ ಎಲ್ರೂ ತೆರೀತಾರೆ ಅತ್ತಿಗೆ. ತೆರೆದ ಬಾಯಿಗೆಲ್ಲ ಸಕ್ಕರೆ ಹಾಕೋಕಾಗುತ್ತಾ?" ಈ ಮಾತು ಅವನಿಗೇ ಚೆನ್ನಾಗಿದೆ ಅನಿಸಿ, ಇನ್ನೂ ಮೆದುವಾದ. ಅವಳಿಗೂ ಆಯಾಸವಾಗುತ್ತಿರಬಹುದು, ಈ ಕೌಂಟರು, ಈ ಜನ, ದಿನವೆಲ್ಲ ಕೂರುವುದು. ಅವಳಿಗೆ ತನ್ನದೇ ಆದ ಒಂದು ಜಾಗವಿದ್ದರೆ ಎಷ್ಟು ಒಳ್ಳೆಯದು. ತಾನು ಯಾವ ಒತ್ತಾಯವನ್ನೂ ಮಾಡುತ್ತಿಲ್ಲ, ಯೋಚಿಸಲಿ ಎಂದಷ್ಟೇ. ಅತ್ತಿಗೆ ಡಬ್ಬಿಯ ಮುಚ್ಚಳ ಹಾಕಿದಳು. "ಸರಿ" ಎಂದಳು. ಅವಳು ಮೊದಲ ದಿನ ಬಂದಾಗಲೂ ಹೀಗೇ ಕಮ್ಮಿ ಮಾತಾಡಿದ್ದಳು. ಬಾಗಿಲು ತೆರೆದವನು ಅವನೇ ಆದದ್ದರಿಂದ, ಹೆಂಡತಿ ಮನೆಯಲ್ಲಿಲ್ಲದ್ದರಿಂದ, ಅವಳು ಸೂಟ್‌ಕೇಸು ಕೆಳಗಿಟ್ಟು ಅವನ ಕೈಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಿದ್ದಳು. ಬಸ್ಸಿನ ಕಂಬಿ ಹಿಡಿದು ಬಂದ ಕೈ, ಮೂಗು ಒರೆಸಿಕೊಂಡ ಕೈ. ಅವನು ಸಭ್ಯವಾಗಿ, ಅದು ಮುಗಿಯುವ ತನಕ, ಕೈಯನ್ನು ಅವಳ ವಶದಲ್ಲೇ ಬಿಟ್ಟಿದ್ದ. ಮುಗಿದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಮೊಣಕೈವರೆಗೆ ತೊಳೆದ. ತಲೆ ಎತ್ತಿದರೆ ಕನ್ನಡಿಯಲ್ಲಿ ಅವಳು ಹಿಂದೆ ನಿಂತಿದ್ದಳು, ಕೈಯಲ್ಲಿ ಟವೆಲು. ಅದನ್ನು ಚಾಚಿದಳು. ಅವನು ತೆಗೆದುಕೊಂಡು ಒರೆಸಿಕೊಂಡ. ಆ ಟವೆಲಿನ ಕಾರಣಕ್ಕೇ ಅವನು ಅವಳನ್ನು ಇಷ್ಟು ಕಾಲ ಸಹಿಸಲಾರದೆ ಹೋಗಿದ್ದು, ಬಿಸ್ಕತ್ತಿನ ಕಾರಣಕ್ಕಲ್ಲ. ಇದು ಅವನಿಗೆ ಗೊತ್ತಿತ್ತು, ಗೊತ್ತಿರುವುದನ್ನು ನೆನೆಯುತ್ತಿರಲಿಲ್ಲ.

ಹೆಂಡತಿ ಶಾಲೆಯಿಂದ ಬಂದವಳು ಮೇಲಿನ ಮನೆಗೆ ಹೋಗಿ, ಹತ್ತಿದ ವೇಗದಲ್ಲೇ ಇಳಿದು ಕ್ಲಿನಿಕ್ಕಿಗೆ ಬಂದಳು. ಕಂಕುಳಲ್ಲಿ ಇನ್ನೂ ಉತ್ತರಪತ್ರಿಕೆಗಳ ಕಟ್ಟಿತ್ತು. ಅವಳು ಗಣಿತ ಕಲಿಸುವವಳು. ಮನೆಯಲ್ಲೂ ಒಂದು ಹೆಜ್ಜೆ ಬಿಟ್ಟು ಉತ್ತರಕ್ಕೆ ಹಾರಿದವರಿಗೆ ಅಂಕ ಕೊಡುತ್ತಿರಲಿಲ್ಲ. "ಅಕ್ಕ ಬಟ್ಟೆ ಮಡಚ್ತಿದಾಳೆ. ಏನು ಹೇಳಿದ್ರಿ?" "ನಾನೇನೂ ಹೇಳ್ಲಿಲ್ಲ. ಮೀನು ಸತ್ತಿದ್ಯಾಕೆ ಅಂತ ವಿಚಾರಿಸ್ದೆ." "ವಿಚಾರಿಸಿದ್ರೆ ಜನ ಬಟ್ಟೆ ಮಡಚ್ತಾರಾ?" ಅವನು ಬಿಸ್ಕತ್ತಿನ ಪುಡಿ, ಉಕ್ಕಿದ ನೊರೆ, ಹಾಸಿದ ಬಟ್ಟೆ, ಅಂಗಡಿಯವನ ಮಾತು, ಎಲ್ಲ ಒಂದರ ಹಿಂದೊಂದು ಇಟ್ಟ. ಅವಳು ಕೇಳಿಸಿಕೊಂಡಳು. "ಬಿಸ್ಕತ್ತಿಂದ ನೊರೆ ಬರುತ್ತೆ ಅಂತ ಹೇಗೆ ಗೊತ್ತು?" "ಕೊಳೆತರೆ ಬರುತ್ತೆ." "ನೋಡಿದೀರಾ?" "ಅದನ್ನೇನು ನೋಡೋದು." "ಅವಳು ಬಂದಾಗಿಂದ ಬಿಸ್ಕತ್ ಹಾಕ್ತಾನೇ ಇದಾಳೆ. ಅಷ್ಟು ದಿನ ಸಾಯದ್ದು ಈಗ್ಯಾಕೆ ಸತ್ತಿತು?" ಅವನು ಕನ್ನಡಕ ತೆಗೆದು ಒರೆಸಿದ. ಹೆಂಡತಿ ದನಿ ಏರಿಸಲಿಲ್ಲ. "ಅಕ್ಕನ್ನ ಕಳಿಸ್ಬೇಕು ಅಂತಿದ್ರೆ ನೇರವಾಗಿ ನನ್ನ ಹತ್ರ ಹೇಳಿ. ಮೀನಿನ ಹೆಗಲ ಮೇಲೆ ಬಂದೂಕು ಇಡ್ಬೇಡಿ. ಪಾಪ, ಅದಕ್ಕೆ ಹೆಗಲೂ ಇರ್ಲಿಲ್ಲ." ಹೊರಟವಳು ಬಾಗಿಲಲ್ಲಿ ನಿಂತು, "ಅವಳು ಹೋದ್ರೆ ವಾಪಸ್ ಅಲ್ಲಿಗೇ ಹೋಗ್ಬೇಕು. ಅದು ನಿಮಗೆ ಗೊತ್ತು" ಎಂದಳು. ಅಲ್ಲಿ ಎಂದರೆ ಎಲ್ಲಿ ಎಂಬುದು ಅವನಿಗೆ ಗೊತ್ತಿತ್ತು. ಅಲ್ಲಿಂದ ಬಂದ ದಿನ ಅತ್ತಿಗೆಯ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಅದನ್ನು ಕಟ್ಟಿಕೊಟ್ಟವನು ಅವನೇ, ಹೇಗೆ ಮುರಿಯಿತು ಎಂದು ಕೇಳದೆ, ಬಣ್ಣ ಹೊಂದಿಸುವುದರಲ್ಲಿ ಮಗ್ನನಾಗಿ.

ನೋಡಿದೀರಾ ಎಂದಳಲ್ಲ, ತೋರಿಸಿಯೇ ಬಿಡುತ್ತೇನೆ ಎಂದು ಅವನಿಗೆ ಹಟ ಬಂತು. ಸಂಜೆಯ ರೋಗಿಗಳಿಗೆ ಇನ್ನೂ ಸಮಯವಿತ್ತು. ಯಾವ ಕೆಲಸಕ್ಕೂ ಮೊದಲು ಮಾಡುವಂತೆ ಕೈ ತೊಳೆದುಕೊಂಡು, ರೋಗಿಗಳು ಬಾಯಿ ಮುಕ್ಕಳಿಸುವ ಗಾಜಿನ ಲೋಟದಲ್ಲಿ ಉಪ್ಪುನೀರು ಬೆರೆಸಿಕೊಂಡ. ತೊಟ್ಟಿಗಾಗಿ ತಂದಿಟ್ಟಿದ್ದ ಹೊಸ ಉಪ್ಪು, ಹೊಸ ನೀರು. ಕೌಂಟರಿನ ಅಡಿಯ ಡಬ್ಬಿಯಿಂದ ಬಿಸ್ಕತ್ತು ತಂದು ಪುಡಿ ಮಾಡಿ ಹಾಕಿ, ಕುರ್ಚಿಗೆ ತಗುಲಿದ ಗಾಳಿಯ ಕೊಳವೆಯನ್ನು ಲೋಟಕ್ಕೆ ಇಳಿಸಿ ಗುಂಡಿ ಒತ್ತಿದ. ಗುಳ್ಳೆ ಎದ್ದವು, ಒಡೆದವು. ನೀರು ಕಲಕಿತು, ಬಿಸ್ಕತ್ತು ತಳಕ್ಕಿಳಿಯಿತು. ನೊರೆಯಿಲ್ಲ. ಇನ್ನೊಂದು ಬಿಸ್ಕತ್ತು ಹಾಕಿದ. ಇಲ್ಲ. ಮೂರನೆಯದನ್ನು ಹಾಕಿ, ಈ ಬಿಸ್ಕತ್ತೂ ಅವಳ ಪಕ್ಷ ಸೇರಿದಂತಿದೆಯಲ್ಲ ಎಂದು ಸಿಡುಕಿ, ಚಮಚಕ್ಕೆ ಹುಡುಕುವ ತಾಳ್ಮೆಯಿಲ್ಲದೆ ಬೆರಳಿನಿಂದಲೇ ಜೋರಾಗಿ ಕಲಕಿದ. ಕಲಕಿ ಗುಂಡಿ ಒತ್ತಿದ. ಲೋಟದಲ್ಲಿ ಬಿಳಿಯ ನೊರೆ ಎದ್ದಿತು. ಎದ್ದು, ಅಂಚಿಗೆ ಬಂದು, ಅಂಚು ದಾಟಿ ಅವನ ಮಣಿಕಟ್ಟಿಗೆ ಇಳಿಯಿತು. ಗೆದ್ದೆ ಎಂದುಕೊಂಡ. ಹೆಂಡತಿಯನ್ನು ಕೂಗಲು ಬಾಯಿ ತೆರೆದವನು, ತೆರೆದುಕೊಂಡೇ ನಿಂತ. ಇನ್ನೊಂದು ಲೋಟದಲ್ಲಿ ಬರೀ ಉಪ್ಪುನೀರು ಬೆರೆಸಿ, ಬಿಸ್ಕತ್ತು ಹಾಕದೆ, ಐದೂ ಬೆರಳು ಅದ್ದಿ ತೆಗೆದ. ಗುಂಡಿ ಒತ್ತಿದ. ಈ ಸಲ ನೊರೆ ಇನ್ನೂ ಬೆಳ್ಳಗಿತ್ತು.

ಅವನು ರೋಗಿಗಳ ಕುರ್ಚಿಯ ಮೇಲೆ ಕೂತ. ತೊಟ್ಟಿಯ ಗಾಜಿಗೆ ಅಂಟಿ ಪಾಚಿ ತಿನ್ನುತ್ತಿದ್ದ ಶಂಖದ ಹುಳುಗಳು ಕಳೆದ ಕೆಲವು ವಾರಗಳಲ್ಲಿ ಒಂದೊಂದಾಗಿ ಉದುರಿದ್ದವು. ಉದುರಿದ ಪ್ರತಿಯೊಂದನ್ನೂ ತೆಗೆಯಲು ಅವನು ಚೆನ್ನಾಗಿ ಕೈ ತೊಳೆದು ಇಳಿಸಿದ್ದ. ಮೀನು ಮೇವು ಬಿಟ್ಟಾಗ ನೀರು ಗಲೀಜಾಗಿರಬೇಕೆಂದು ಇನ್ನೂ ಚೆನ್ನಾಗಿ ತೊಳೆದು ಬಂಡೆಗಳನ್ನೆಲ್ಲ ಉಜ್ಜಿದ್ದ. ಅದು ಅವನ ಕೈ ಕಂಡೊಡನೆ ಮೂಲೆಗೆ ಓಡುತ್ತಿತ್ತು. ಅತ್ತಿಗೆ ಅದನ್ನು ಸಿಟ್ಟು ಎಂದಿದ್ದಳು. ಕಿವಿರಿನ ಲೋಳೆ ಈಗ ಅರ್ಥವಾಯಿತು. ಉರಿಯುವ ನೀರನ್ನು ಉಸಿರಾಡುತ್ತ ಅದು ತನ್ನನ್ನು ತಾನು ಮುಚ್ಚಿಕೊಳ್ಳಲು ನೋಡಿತ್ತು. ಅಂಗಡಿಯವನ ಕಪ್ಪು ಉಗುರು ಅದಕ್ಕೆ ಏನೂ ಮಾಡಿರಲಿಲ್ಲ. ಎದುರಿನ ಸ್ಟ್ಯಾಂಡಿನಲ್ಲಿ ಗುಲಾಬಿ ಬಾಟಲಿ ಎಂದಿನಂತೆ ಕೂತಿತ್ತು. ಅವನಿಗೆ ನಿಜವಾಗಿ ದುಃಖವಾಯಿತು. ಇಡೀ ದಿನದಲ್ಲಿ ಮೀನಿಗಾಗಿ ಅವನು ದುಃಖಪಟ್ಟದ್ದು ಅದೇ ಮೊದಲು, ಅದು ತುಸು ಹೊತ್ತು ಇತ್ತು. ಆಮೇಲೆ ಮೇಲಿನ ಮಹಡಿಯಲ್ಲಿ ಸೂಟ್‌ಕೇಸಿನ ಚಕ್ರ ಉರುಳಿದ ಸದ್ದಾಯಿತು.

ಹೇಳಿಬಿಡುವುದೆಂದು ಅವನು ಎದ್ದ. ಮೆಟ್ಟಿಲ ಬುಡದಲ್ಲಿ ಅವನ ಮನಸ್ಸಿನಲ್ಲಿದ್ದ ಮಾತು ಸ್ಪಷ್ಟವಾಗಿತ್ತು: ಅತ್ತಿಗೆ, ಮೀನನ್ನ ಕೊಂದಿದ್ದು ನಾನು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಕೊಂದದ್ದು ಎಂಬುದು ಸ್ವಲ್ಪ ಹೆಚ್ಚಾಯಿತು ಅನಿಸಿ, ಮೀನು ಸತ್ತಿದ್ದು ನನ್ನ ಕೈಯಿಂದ ಎಂದು ತಿದ್ದಿಕೊಂಡ. ತಿರುವಿನಲ್ಲಿ ಅದು, ಕೈಗೆ ಹಚ್ಚುವ ದ್ರಾವಣದಿಂದ ಇರಬೇಕು ಎಂದಾಯಿತು. ಹಾಗೆ ನೋಡಿದರೆ ದ್ರಾವಣ ತಂದುಕೊಟ್ಟವನು ಕಂಪನಿಯವನು. ಮೀನಿನ ತೊಟ್ಟಿಗೆ ಆಗದು ಎಂದು ಬಾಯಿಬಿಟ್ಟು ಹೇಳಬೇಕಾದದ್ದು ಅವನ ಕರ್ತವ್ಯವಲ್ಲವೇ. ಮೇಲಿನ ಮೆಟ್ಟಿಲು ತಲುಪುವ ಹೊತ್ತಿಗೆ ಮಾತು, ನೀರಿಗೆ ಯಾವುದೋ ರಾಸಾಯನಿಕ ಸೇರಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದು ಯಾರ ಹೆಸರೂ ಇಲ್ಲದೆ, ಸರ್ಕಾರಿ ಪ್ರಕಟಣೆಯ ಹಾಗೆ ನುಣ್ಣಗಾಗಿತ್ತು. ಆದರೂ ಅದು ಸತ್ಯವೇ, ಅಷ್ಟಾದರೂ ಹೇಳುತ್ತೇನೆ ಎಂದು ಬಾಗಿಲು ದೂಡಿದ.

ಸೂಟ್‌ಕೇಸು ನಡುಮನೆಯಲ್ಲಿ ನೆಟ್ಟಗೆ ನಿಂತಿತ್ತು. ಅತ್ತಿಗೆ ಚಪ್ಪಲಿ ಮೆಟ್ಟಿದ್ದಳು. ಹೆಂಡತಿ ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಒಂದನ್ನೂ ತಿದ್ದದೆ ಕೂತಿದ್ದಳು. ಅವನು ಗಂಟಲು ಸರಿಮಾಡಿಕೊಂಡ. "ಅತ್ತಿಗೆ, ಒಂದು ವಿಷಯ." "ನಾನೇ ಹೇಳ್ತೀನಿ ಇರಿ" ಎಂದಳು ಅತ್ತಿಗೆ. "ನೀವು ಕೇಳ್ದಾಗ ಒಂದು ಚೂರು ಅಂದೆ. ಸುಳ್ಳು. ದಿನಾ ಹಾಕ್ತಿದ್ದೆ. ಅರ್ಧರ್ಧ ಬಿಸ್ಕತ್. ಅವ್ರು ನನ್ನ ಕಂಡ್ರೆ ಓಡಿ ಬರೋರು. ಯಾರಾದ್ರೂ ನನ್ನ ಕಂಡು ಓಡಿ ಬರ್ತಾರಲ್ಲ ಅಂತ ಆಸೆಗೆ ಹಾಕ್ತಿದ್ದೆ. ನಾನೇ ಕೊಂದೆ." ಅವಳು ಸೂಟ್‌ಕೇಸಿನ ಹಿಡಿಯನ್ನು ಹಿಡಿದುಕೊಂಡಳು. "ನನ್ನ ಕೈಗುಣಾನೇ ಸರಿಯಿಲ್ಲ ಡಾಕ್ಟ್ರೇ. ಎಲ್ಲಿಗೆ ಹೋದ್ರೂ ಏನಾದ್ರೂ ಒಂದು ಮುರಿಯುತ್ತೆ. ನಿಮ್ಮ ಕ್ಲಿನಿಕ್ಕಿಗೆ ಅದೊಂದೇ ಕಳೆ ಇತ್ತು, ಅದನ್ನೂ ಕಳೆದೆ. ಕ್ಷಮಿಸಿ." ಹೆಂಡತಿ ತಲೆ ಎತ್ತಿ ಅವನನ್ನು ನೋಡಿದಳು. ಅವನು ಏನು ಹೇಳುತ್ತಾನೆಂದು ಕಾಯುತ್ತಿದ್ದಳು. ಹೇಳಬೇಕಾದದ್ದು ಅವನ ನಾಲಿಗೆಯ ತುದಿಯಲ್ಲೇ ಇತ್ತು, ಪೂರಾ ತಯಾರಾಗಿತ್ತು; ಆದರೆ ಇಷ್ಟು ಚೆನ್ನಾಗಿ ಬೇರೆಯವರು ತಪ್ಪೊಪ್ಪಿಕೊಂಡ ಮೇಲೆ ಅದನ್ನು ತೆಗೆಯುವುದು ಅವರಿಗೆ ಅವಮಾನ ಮಾಡಿದಂತಾಗುತ್ತದೇನೋ ಎಂದು ಅವನಿಗೆ ತೋರಿತು. "ಇರ್ಲಿ ಬಿಡಿ ಅತ್ತಿಗೆ" ಎಂದ. ದನಿ ತಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ, ತುಂಬಿಕೊಂಡು ಬಂತು. "ಬೇಕು ಅಂತ ಮಾಡಿದ್ದಲ್ವಲ್ಲ. ಪ್ರೀತಿಯಿಂದ ಮಾಡಿದ್ದು. ಆಗಿದ್ದು ಆಗೋಯ್ತು. ನೀವು ಎಲ್ಲಿಗೂ ಹೋಗೋದು ಬೇಡ."

ಹೆಂಡತಿಯ ಮುಖದಲ್ಲಿ ಏನೋ ಸಡಿಲವಾಯಿತು. ಮದುವೆಯಾದ ಹೊಸತರಲ್ಲಿ ಅವಳು ಹೀಗೆ ನೋಡುತ್ತಿದ್ದಳು. ಇವನು ತಾನು ಲೆಕ್ಕ ಹಾಕಿದ್ದಕ್ಕಿಂತ ದೊಡ್ಡ ಮನುಷ್ಯ ಇರಬಹುದು ಎಂಬ ನೋಟ. ಅದನ್ನು ಅವಳು ಯಾವಾಗ ನಿಲ್ಲಿಸಿದಳೆಂದು ಅವನಿಗೆ ಗೊತ್ತಿರಲಿಲ್ಲ. ಈಗ ಸಿಕ್ಕಿದ್ದನ್ನು ಬಾಯಿಬಿಟ್ಟು ಕಳೆದುಕೊಳ್ಳುವಷ್ಟು ಧೈರ್ಯ ಅವನಲ್ಲಿರಲಿಲ್ಲ. ನಾಳೆ ಹೇಳಿದರಾಯಿತು, ಹೇಳದಿದ್ದರೂ ಅತ್ತಿಗೆ ಉಳಿದಳಲ್ಲ, ಮುಖ್ಯವಾದದ್ದು ಅದು ತಾನೇ. ಅತ್ತಿಗೆ ಚಪ್ಪಲಿ ಬಿಟ್ಟು, ಮೂಗೊರೆಸಿಕೊಂಡು, ಹತ್ತಿರ ಬಂದು ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಚ್ಚಗೆ, ತೇವವಾಗಿ, ಬಿಡುವ ಲಕ್ಷಣವೇ ಇಲ್ಲದೆ. ಅವನು ಹಿಂದಿನಂತೆಯೇ ಸಭ್ಯವಾಗಿ ಕಾದ. ಈ ಸಲ ತೊಳೆಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಇಷ್ಟನ್ನಾದರೂ ಅವಳಿಗೆ ಕೊಡುತ್ತೇನೆ ಎಂದುಕೊಂಡ. ಅವಳು ಬಿಟ್ಟ ಮೇಲೆ ಕಿಟಕಿಯ ಬಳಿ ಹೋಗಿ ನಿಂತ. ಕೈಯನ್ನು ಮೈಯಿಂದ ಸ್ವಲ್ಪ ದೂರ ಹಿಡಿದುಕೊಂಡಿದ್ದಾನೆಂದು ಅವನಿಗೆ ಆಮೇಲೆ ಗೊತ್ತಾಯಿತು. ಬೆರಳುಗಳು ಒಂದಕ್ಕೊಂದು ತಾಗದಂತೆ ಅಗಲವಾಗಿದ್ದವು. ಕೆಳಗೆ ಸಂಜೆಯ ರೋಗಿಗಳು ಬರುವ ಹೊತ್ತು, ಹೇಗಿದ್ದರೂ ತೊಳೆಯಲೇಬೇಕಲ್ಲ ಎಂದು ಕಾರಣ ಸಿಕ್ಕಿತು.

ಬಚ್ಚಲಿನಲ್ಲೂ ಒಂದು ಗುಲಾಬಿ ಬಾಟಲಿ ಇತ್ತು. ನಲ್ಲಿ ತಿರುಗಿಸಿ, ಬೆರಳ ಸಂದಿ, ಉಗುರಿನ ಅಡಿ, ಮಣಿಕಟ್ಟು, ಎಂದು ಒಂದೊಂದಾಗಿ ತಿಕ್ಕಿದ. ನೊರೆ ಏರಿ ಸಿಂಕಿನ ತೂತು ಮುಚ್ಚಿಕೊಂಡು ನಿಧಾನಕ್ಕೆ ಇಳಿಯಿತು. ತಲೆ ಎತ್ತಿದರೆ ಕನ್ನಡಿಯಲ್ಲಿ ಅತ್ತಿಗೆ ನಿಂತಿದ್ದಳು. ಅವಳ ಕೈಯಲ್ಲಿ ಒಗೆದು ಮಡಚಿದ ಟವೆಲು ಇತ್ತು. ಅವಳ ಮುಖದಲ್ಲಿ ನೋವಿರಲಿಲ್ಲ, ದೂರೂ ಇರಲಿಲ್ಲ. ಅವನೇ ಕಟ್ಟಿಕೊಟ್ಟ ಹಲ್ಲು ಕಾಣುವಂತೆ ನಗುತ್ತಿದ್ದಳು. "ಹೊಸ ಮೀನು ತನ್ನಿ ಡಾಕ್ಟ್ರೇ" ಎಂದಳು. "ನಾನು ಅದರ ಹತ್ರಾನೂ ಸುಳಿಯಲ್ಲ, ಆಣೆ. ಪೂರ್ತಿ ನೀವೇ ನೋಡ್ಕೊಳ್ಳಿ. ನಿಮ್ಮ ಕೈಯಷ್ಟು ಶುದ್ಧ ಇನ್ಯಾರ ಕೈ ಇದೆ ಹೇಳಿ."

"ಹೂಂ" ಎಂದು ಅವನು ಟವೆಲು ತೆಗೆದುಕೊಂಡು, ಬೆರಳು ಬೆರಳಾಗಿ ಒರೆಸಿಕೊಂಡ.